ಊಟ ಬಿಡಿ ಎಂದು ಕೇಳಿದ ಪ್ರಧಾನಿ

ನಮ್ಮಜ್ಜಿ ಸೋಮವಾರ ರಾತ್ರಿ ಊಟ ಮಾಡುತ್ತಿರಲಿಲ್ಲ. ಬಾಗಲಕೋಟೆ ಕಡೆಯ ಮನೆಗಳಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಸೋಮವಾರ ಶಿವನ ವಾರ, ಒಪ್ಪತ್ತು ಮಾಡುವವರು ಮನೆಗೊಬ್ಬರಾದರೂ ಇರುತ್ತಾರೆ. ಆದರೆ ಅಜ್ಜಿಯ ಲೆಕ್ಕ ಸ್ವಲ್ಪ ಬೇರೆ. "ಯಾಕಜ್ಜಿ ಉಣ್ಣಲ್ಲ?" ಎಂದು ಕೇಳಿದರೆ, "ಶಿವಂದು ಅರ್ಧ, ಶಾಸ್ತ್ರೀದು ಅರ್ಧ" ಎನ್ನುತ್ತಿದ್ದಳು. ಶಾಸ್ತ್ರಿ ಅಂದರೆ ಪಂಚಾಂಗ ನೋಡುವ ಯಾರೋ ಇರಬೇಕು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಒಮ್ಮೆ ಅವಳು ಗೋಡೆಯ ಕಡೆ ಕೈ ತೋರಿಸಿದಳು. ಬಸವಣ್ಣನ ಫೋಟೋದ ಪಕ್ಕ, ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದ ಒಂದು ಚಿತ್ರ. ಬಿಳಿ ಟೋಪಿ, ಮುದ್ದು ಮುಖ, ಒಂದು ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ಲಾಲ್ ಬಹದ್ದೂರ್ ಶಾಸ್ತ್ರಿ.

1965ರಲ್ಲಿ ದೇಶದಲ್ಲಿ ಕಾಳಿಗೆ ತತ್ವಾರ ಬಂದಾಗ, ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಪ್ರಧಾನಿ ಶಾಸ್ತ್ರಿಯವರು ಜನರನ್ನು ಕೇಳಿಕೊಂಡಿದ್ದರು. ಮೊದಲು ತಮ್ಮ ಮನೆಯಲ್ಲೇ ಹೆಂಡತಿ ಮಕ್ಕಳೊಂದಿಗೆ ಬಿಟ್ಟು ನೋಡಿ, ಆಗುತ್ತದೆ ಅನ್ನಿಸಿದ ಮೇಲೆ ಊರಿಗೆ ಹೇಳಿದರು. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ಹೇಳಿದವರು ಮುಂದಿನ ಜನವರಿಗೆಲ್ಲ ತೀರಿಕೊಂಡರು. ಬರ ಹೋಯಿತು, ರೇಷನ್ನಿನ ಸಾಲು ಕರಗಿತು. ಅಜ್ಜಿ ಮಾತ್ರ ಬಿಡಲಿಲ್ಲ.

ಹಾಗೆ ನೋಡಿದರೆ ಶಾಸ್ತ್ರಿಯವರು ನನಗೆ ಬಂದದ್ದು ಆಸ್ತಿಯ ಹಾಗೆ, ಅಜ್ಜಿಯಿಂದ. ಶಾಲೆಯಲ್ಲಿ ಸಿಕ್ಕಿದ್ದು ಕಡಿಮೆ. ಅಕ್ಟೋಬರ್ 2ರಂದು ಗಾಂಧೀಜಿ ಬಗ್ಗೆ ಅರ್ಧ ಗಂಟೆ ಭಾಷಣ ಆದ ಮೇಲೆ, "ಅಂದಹಾಗೆ ಇವತ್ತು ಶಾಸ್ತ್ರಿಯವರ ಜನ್ಮದಿನವೂ ಹೌದು" ಎಂದು ಎರಡು ಮಾತು. ಬಡವರಾಗಿದ್ದರು, ಸರಳವಾಗಿದ್ದರು, ರೈಲು ಅಪಘಾತವಾದಾಗ ರಾಜೀನಾಮೆ ಕೊಟ್ಟರು. ಆಮೇಲೆ ಸಿಹಿ ಹಂಚುತ್ತಿದ್ದರು. ದೊಡ್ಡವರಾದ ಮೇಲೂ ನಮ್ಮ ಮೆಚ್ಚುಗೆ ಅಲ್ಲೇ ನಿಂತಿದೆ. "ಪಾಪ, ಎಂಥ ಒಳ್ಳೆ ಮನುಷ್ಯ!" ಆ 'ಪಾಪ' ನನಗೆ ಇಷ್ಟವಾಗುವುದಿಲ್ಲ. ಯುದ್ಧ, ಬರ, ಭಾಷಾ ಗಲಭೆ ಮೂರನ್ನೂ ಹತ್ತೊಂಬತ್ತು ತಿಂಗಳಲ್ಲಿ ಎದುರಿಸಿದ ಪ್ರಧಾನಿಯನ್ನು ಸುಮ್ನೆ ಪಾಪದವರು ಎಂದು ಮೆಚ್ಚುವುದೇ? ಅವರು ಕೆಲಸ ಮಾಡಿದ ರೀತಿಯೇನು, ಅದು ನಮ್ಮ ತಟ್ಟೆಯವರೆಗೆ ಹೇಗೆ ಬಂತು, ಎಲ್ಲಿ ಎಡವಿತು ಎಂದು ಬಿಡಿಸಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಶಾಸ್ತ್ರಿ ಅಂದರೆ ಮನೆತನದ ಹೆಸರು. ಹಾಗಾಗಿ ಅವರು ಬ್ರಾಹ್ಮಣರು ಎಂದು ಎಷ್ಟೋ ಜನ ಈಗಲೂ ನಂಬಿದ್ದಾರೆ. ಅಲ್ಲ. 1904ರಲ್ಲಿ ಕಾಶಿ ಹತ್ತಿರದ ಮುಘಲ್‌ಸರಾಯ್‌ನಲ್ಲಿ ಹುಟ್ಟಿದ್ದು ಕಾಯಸ್ಥರ ಮನೆಯಲ್ಲಿ. ಮೇಷ್ಟರಾಗಿದ್ದು ಆಮೇಲೆ ಗುಮಾಸ್ತರಾದ ತಂದೆ, ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ತಾಯಿಯ ತವರಿನಲ್ಲಿ ಬೆಳೆದ ಹುಡುಗ ಜಾತಿ ಹೇಳುವ ಹೆಸರು ಬೇಡವೆಂದು ಅದನ್ನು ಕೈಬಿಟ್ಟ. ಅಸಹಕಾರ ಚಳವಳಿಗೆಂದು ಶಾಲೆ ಬಿಟ್ಟು, ಆಮೇಲೆ ಕಾಶಿ ವಿದ್ಯಾಪೀಠ ಸೇರಿದ. ಅಲ್ಲಿ ಕೊಡುತ್ತಿದ್ದ ಪದವಿಯ ಹೆಸರು 'ಶಾಸ್ತ್ರಿ', ನಮ್ಮ ಬಿ.ಎ. ಇದ್ದ ಹಾಗೆ. ಒಂದು ಜಾತಿ ಕಳಚಿಟ್ಟವರಿಗೆ ನಮ್ಮ ಕಡೆ ಇನ್ನೊಂದು ಅಂಟಿಕೊಂಡಿತು.

ಇನ್ನು ಆ ರಾಜೀನಾಮೆ. ನಮಗೆ ಗೊತ್ತಿರುವ ಕಥೆಯಲ್ಲಿ ಒಂದು ಅಪಘಾತ, ಒಂದು ರಾಜೀನಾಮೆ. ನಡೆದದ್ದು ಎರಡು. 1956ರಲ್ಲಿ ಮೊದಲು ಮೆಹಬೂಬ್‌ನಗರದ ಹತ್ತಿರ ಸೇತುವೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ರೈಲ್ವೆ ಸಚಿವ ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ಈಗಿನ ತಮಿಳುನಾಡಿನ ಅರಿಯಲೂರಿನಲ್ಲಿ ಪ್ರವಾಹಕ್ಕೆ ಸೇತುವೆ ಬಳಿ ಹಳಿ ಕೊಚ್ಚಿಹೋಗಿ ರೈಲು ಬಿತ್ತು. 140ಕ್ಕೂ ಹೆಚ್ಚು ಸಾವು. ಮತ್ತೆ ರಾಜೀನಾಮೆ. ಈ ಸಲ ನೆಹರೂ ಒಪ್ಪಿದರು, ಆದರೆ ಸಂಸತ್ತಿನಲ್ಲಿ ಒಂದು ಮಾತು ಸ್ಪಷ್ಟ ಮಾಡಿದರು: ಶಾಸ್ತ್ರಿಯವರ ತಪ್ಪಿದೆ ಎಂದಲ್ಲ, ಸಚಿವನಾದವನ ಹೊಣೆ ಎಂಥದ್ದು ಎಂಬುದಕ್ಕೆ ಒಂದು ಮಾದರಿ ಇರಲಿ ಎಂದು. ಇಲ್ಲಿ ಮುಖ್ಯವಾದದ್ದು ತ್ಯಾಗವಲ್ಲ, ಪದ್ಧತಿ. ಹಳಿ ಜೋಡಿಸುವವನು ಸಚಿವನಲ್ಲ, ನಿಜ. ಆದರೆ ಸಂಸತ್ತು ಪ್ರಶ್ನೆ ಕೇಳಬಹುದಾದದ್ದು ಸಚಿವನನ್ನು ಮಾತ್ರ, ಗ್ಯಾಂಗ್‌ಮನ್‌ನನ್ನಲ್ಲ. ಉತ್ತರ ಕೊಡಬೇಕಾದವನೇ ಹೊಣೆ ಹೊರಬೇಕು. ಶಾಸ್ತ್ರಿಯವರು ಕೆಲವೇ ತಿಂಗಳಲ್ಲಿ, 1957ರ ಚುನಾವಣೆಯ ನಂತರ, ಮತ್ತೆ ಸಚಿವರಾದರು ಎಂಬುದನ್ನು ನಮ್ಮ ಭಾಷಣಗಳು ಹೇಳುವುದಿಲ್ಲ. ಹೇಳಿದರೆ ಕಥೆಯ ಕಣ್ಣೀರು ಕಡಿಮೆಯಾಗುತ್ತದಲ್ಲ!

ನೆಹರೂ ತೀರಿಕೊಂಡದ್ದು 1964ರ ಮೇ 27. ಅದಕ್ಕೆ ಐದು ದಿನ ಮೊದಲು, ಮೇ 22ರಂದು, ಶಾಸ್ತ್ರಿಯವರು ನಮ್ಮ ಕೃಷ್ಣಾ ದಂಡೆಯ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಡುತ್ತಿದ್ದರು. ಆಗ ಅವರು ಖಾತೆ ಇಲ್ಲದ ಸಚಿವ. ಎರಡೇ ವಾರದಲ್ಲಿ ದೇಶ ತನ್ನ ಕೈಗೆ ಬರುತ್ತದೆ ಎಂದು ಆ ಬಿಸಿಲಲ್ಲಿ ನಿಂತವರಿಗೆ ಹೊಳೆದಿತ್ತೋ ಇಲ್ಲವೋ.

ಬಂದದ್ದು ಹೇಗೆ? ಕಾಂಗ್ರೆಸ್ಸಿನಲ್ಲಿ ಆಗ 'ಸಿಂಡಿಕೇಟ್' ಎಂದು ಕರೆಯುತ್ತಿದ್ದ ಒಂದು ಗುಂಪಿತ್ತು. ಪಕ್ಷದ ಅಧ್ಯಕ್ಷ ಕಾಮರಾಜ್, ಬಂಗಾಳದ ಅತುಲ್ಯ ಘೋಷ್, ಬೊಂಬಾಯಿಯ ಎಸ್.ಕೆ. ಪಾಟೀಲ್, ಆಂಧ್ರದ ಸಂಜೀವ ರೆಡ್ಡಿ, ನಮ್ಮ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ರಾಜ್ಯಗಳಲ್ಲಿ ಬಿಗಿ ಹಿಡಿತ ಇದ್ದವರು. ಪ್ರಧಾನಿ ಆಗಬೇಕೆಂದು ಮುರಾರ್ಜಿ ದೇಸಾಯಿ ಸಿದ್ಧವಾಗೇ ಇದ್ದರು. ಆದರೆ ಅವರು ಯಾರ ಮಾತೂ ಕೇಳದ ಗಟ್ಟಿ ಆಸಾಮಿ. ಶಾಸ್ತ್ರಿಯವರು ಎಲ್ಲರ ಮಾತನ್ನೂ ಕೇಳುತ್ತಾರೆ, ಕೂಗಾಡುವುದಿಲ್ಲ, ಶತ್ರುಗಳಿಲ್ಲ. ಜೂನ್ 9ರಂದು ಪ್ರಮಾಣವಚನವಾಯಿತು. ಅದೇ ತಿಂಗಳು ಹೃದಯಾಘಾತವೂ ಆಯಿತು. ಐದಡಿ ಎರಡಿಂಚಿನ, ಎದೆನೋವಿನ ಈ ಮನುಷ್ಯ ನೆಹರೂ ಕುರ್ಚಿಯಲ್ಲಿ ಎಷ್ಟು ದಿನ ಎಂದು ದೆಹಲಿಯಲ್ಲಿ ಎಷ್ಟೋ ಜನ ಲೆಕ್ಕ ಹಾಕಿರಬೇಕು. ವಿರೋಧ ಪಕ್ಷದವರು ಮೂರು ಸಲ ಅವಿಶ್ವಾಸ ನಿರ್ಣಯ ತಂದರು.

ಇಲ್ಲಿ ನಮ್ಮ ಕನ್ನಡದ ಒಂದು ಅನುಕೂಲ ನೋಡಿ. 'ಕೇಳುವುದು' ಎಂಬ ಒಂದೇ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಸಿಂಡಿಕೇಟಿನವರು ಶಾಸ್ತ್ರಿಯವರನ್ನು ಆರಿಸಿದ್ದು ಅವರು ಹೇಳಿದಂತೆ ಕೇಳುತ್ತಾರೆ ಎಂದು. ಅವರು ಕೇಳಿದ್ದೂ ನಿಜ. ಆದರೆ ಕೇಳಿದ್ದು ಬೇರೆಯವರ ಮಾತನ್ನು.

ಅನ್ನದ ಕಥೆಗೆ ಬರೋಣ. ನನ್ನ ಮಟ್ಟಿಗೆ ಶಾಸ್ತ್ರಿಯವರ ಹಿರಿಮೆ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐವತ್ತರ ದಶಕದಿಂದ ನಾವು ಅಮೆರಿಕದ ಗೋಧಿ ತಿನ್ನುತ್ತಿದ್ದೆವು. ಪಿಎಲ್ 480 ಎಂಬ ಅಮೆರಿಕದ ಕಾನೂನಿನ ಪ್ರಕಾರ, ಅಲ್ಲಿ ಹೆಚ್ಚಾಗಿ ಬೆಳೆದ ಕಾಳು ನಮಗೆ ಬರುತ್ತಿತ್ತು. ದುಡ್ಡನ್ನು ನಾವು ಡಾಲರಿನಲ್ಲಿ ಕೊಡಬೇಕಿರಲಿಲ್ಲ, ರೂಪಾಯಿಯಲ್ಲಿ ಕೊಟ್ಟರೆ ಸಾಕು. ಆ ರೂಪಾಯಿಯೂ ಬಹುಪಾಲು ಇಲ್ಲೇ ಇರುತ್ತಿತ್ತು. ಮೇಲ್ನೋಟಕ್ಕೆ ಪುಕ್ಕಟೆ ಊಟ. ನಮ್ಮ ಹಿರಿಯರಿಗೆ ಅಮೆರಿಕದ ಕೆಂಪು ಜೋಳದ ನೆನಪು ಚೆನ್ನಾಗೇ ಇದೆ. ಆ ಕಾಳಿನ ಜೊತೆಗೇ ಪಾರ್ಥೇನಿಯಂ ಬೀಜವೂ ಬಂತು, ಅದಕ್ಕೇ ಅದು ಕಾಂಗ್ರೆಸ್ ಕಸ ಎಂದು ಹೊಲದ ಬದುವಿನಲ್ಲಿ ಈಗಲೂ ಹೇಳುತ್ತಾರೆ.

ಪುಕ್ಕಟೆ ಊಟಕ್ಕೆ ಎರಡು ಬೆಲೆ ಇತ್ತು. ಒಂದು, ಅಗ್ಗದ ಗೋಧಿ ಬಂದು ಬೀಳುವಾಗ ನಮ್ಮ ರೈತನ ಕಾಳಿಗೆ ಒಳ್ಳೆ ದರ ಸಿಗುವುದು ಕಷ್ಟ. ದರ ಇಲ್ಲದಿದ್ದರೆ ಯಾರು ಗೊಬ್ಬರ ಹಾಕುತ್ತಾರೆ, ಯಾರು ಬಾವಿ ತೋಡುತ್ತಾರೆ? ಎರಡು, ಅನ್ನ ಕೊಡುವವನ ಕೈ ಮೇಲೆ. 1965ರ ನಡುವಿನಲ್ಲಿ ಹಳೆಯ ಒಪ್ಪಂದ ಮುಗಿದಾಗ ಅಧ್ಯಕ್ಷ ಜಾನ್ಸನ್ ದೀರ್ಘಾವಧಿಯ ಹೊಸ ಒಪ್ಪಂದ ಮಾಡಲಿಲ್ಲ. ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುತ್ತ, ಮೂಗುದಾರ ಗಿಡ್ಡ ಹಿಡಿದರು. ಬಂದರಿಗೆ ಬಂದ ಹಡಗಿನ ಕಾಳು ನೇರ ರೇಷನ್ ಅಂಗಡಿಗೆ, ಅಲ್ಲಿಂದ ಒಲೆಗೆ. ನಡುವೆ ದಾಸ್ತಾನು ಅನ್ನುವುದೇ ಇಲ್ಲ. ಒಂದು ಹಡಗು ತಡವಾದರೆ ಒಂದು ಊರು ಉಪವಾಸ.

ಶಾಸ್ತ್ರಿಯವರು ಪ್ರಧಾನಿಯಾದಾಗ ಕೃಷಿ ಖಾತೆ ಯಾರಿಗೂ ಬೇಡದ ಖಾತೆ. ಅಲ್ಲಿ ಹೆಸರು ಬರುವುದಿಲ್ಲ, ಬೈಗುಳ ಮಾತ್ರ. ಅವರು ಉಕ್ಕು ಖಾತೆ ನೋಡಿಕೊಳ್ಳುತ್ತಿದ್ದ ಸಿ. ಸುಬ್ರಮಣ್ಯಂ ಅವರನ್ನು ಕರೆದು ಇದನ್ನು ತೆಗೆದುಕೊಳ್ಳಿ ಎಂದರು. ಆ ಕಾಲದಲ್ಲಿ ಉಕ್ಕು ಅಂದರೆ ದೇಶದ ಭವಿಷ್ಯ, ಭಿಲಾಯಿ, ರೂರ್ಕೆಲಾ. ಅಲ್ಲಿಂದ ಗೋಧಿಗೆ ಕಳಿಸುವುದು ಹಿಂಬಡ್ತಿ ಎಂದೇ ನೋಡಿದವರಿಗೆ ಕಂಡಿರಬೇಕು. ಶಾಸ್ತ್ರಿಯವರ ಲೆಕ್ಕ ತಿರುಗುಮುರುಗು: ಕೈಯಲ್ಲಿರುವ ಒಳ್ಳೆ ಮನುಷ್ಯನನ್ನು ಎಲ್ಲಿ ಜಾಸ್ತಿ ಕಷ್ಟ ಇದೆಯೋ ಅಲ್ಲಿಗೆ ಹಾಕು.

ಸುಬ್ರಮಣ್ಯಂ ಹೇಳಿದ್ದು ಸರಳವಾಗಿತ್ತು, ಆದರೆ ದೆಹಲಿಗೆ ಕಹಿ. ರೈತನಿಗೆ ಲಾಭ ಆಗುವ ಬೆಲೆಯನ್ನು ಮೊದಲೇ ಗೊತ್ತು ಮಾಡಿ. ಆ ಬೆಲೆಗೆ ಸರ್ಕಾರವೇ ಕೊಳ್ಳಲಿ. ಜೊತೆಗೆ ಹೊಸ ಬೀಜ, ಗೊಬ್ಬರ ಕೊಡಿ, ಅದೂ ನೀರಿರುವ ಜಾಗದಲ್ಲಿ ಮೊದಲು. ವಿರೋಧ ನಾಲ್ಕೂ ಕಡೆಯಿಂದ ಬಂತು. ಕಾಳಿನ ಬೆಲೆ ಏರಿದರೆ ಪೇಟೆಯವರ ಗತಿ? ಕೂಲಿ ಏರಿದರೆ ಕಾರ್ಖಾನೆಗಳ ಗತಿ? ಗೊಬ್ಬರ ತರಲು ವಿದೇಶಿ ವಿನಿಮಯ ಎಲ್ಲಿದೆ? ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರಿಗೆ ಇದು ಹಿಡಿಸಲೇ ಇಲ್ಲ. ಎಡಪಕ್ಷದವರು ಇದರಿಂದ ದೊಡ್ಡ ರೈತರೇ ಕೊಬ್ಬುತ್ತಾರೆ ಎಂದರು. ಅದರಲ್ಲಿ ಅರ್ಧ ಸತ್ಯ ಇತ್ತು ಎಂದು ಮುಂದೆ ಪಂಜಾಬ್ ತೋರಿಸಿತು.

ಶಾಸ್ತ್ರಿಯವರು ಏನು ಮಾಡಿದರು? ಟೇಬಲ್ ಕುಟ್ಟಲಿಲ್ಲ. ತಮ್ಮ ಕಾರ್ಯದರ್ಶಿ ಎಲ್.ಕೆ. ಝಾ ಅವರ ನೇತೃತ್ವದಲ್ಲಿ ಕಾಳಿನ ಬೆಲೆ ಬಗ್ಗೆ ಒಂದು ಸಮಿತಿ ಮಾಡಿದರು. ಅಂದಹಾಗೆ ಈ ಝಾ ಅವರು ಕುಳಿತ ಪ್ರಧಾನಿಯ ಸಚಿವಾಲಯವೇ ಮುಂದೆ ಎಲ್ಲರೂ ಹೆದರುವ ಪ್ರಧಾನಿ ಕಚೇರಿಯಾಗಿ ಬೆಳೆದದ್ದು. ಅದರ ಬೀಜ ಬಿತ್ತಿದವರು ಈ 'ಪಾಪದ' ಶಾಸ್ತ್ರಿಯವರೇ. ಸಮಿತಿಯ ಮಾತಿನ ಬೆನ್ನಲ್ಲೇ, 1965ರ ಜನವರಿಯಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಕೊಳ್ಳಲು ಭಾರತೀಯ ಆಹಾರ ನಿಗಮ, ಬೆಲೆ ಹೇಳಲು ಕೃಷಿ ಬೆಲೆ ಆಯೋಗ. ಇವತ್ತು ಟಿವಿಯಲ್ಲಿ ಕನಿಷ್ಠ ಬೆಂಬಲ ಬೆಲೆ ಎಂದು ದಿನಾ ಜಗಳ ನಡೆಯುತ್ತದಲ್ಲ, ಆ ಏರ್ಪಾಡಿನ ಬೇರು ಇರುವುದು ಇಲ್ಲಿ. ನಮ್ಮ ರೇಷನ್ ಅಂಗಡಿಗೆ ಬರುವ ಅಕ್ಕಿಯ ಹಿಂದೆ ಇರುವುದೂ ಅದೇ ನಿಗಮ.

ಇನ್ನು ಬೀಜ. ನಮ್ಮ ಹಳೆಯ ಗೋಧಿ ಉದ್ದ ಕಡ್ಡಿಯದು. ಗೊಬ್ಬರ ಜಾಸ್ತಿ ಹಾಕಿದರೆ ತೆನೆ ಭಾರವಾಗಿ ಪೈರು ಮಲಗಿಬಿಡುತ್ತದೆ. ಮಲಗಿದ ಪೈರು ಅರ್ಧ ಮಣ್ಣುಪಾಲು. ಮೆಕ್ಸಿಕೋದಲ್ಲಿ ನಾರ್ಮನ್ ಬೋರ್ಲಾಗ್ ತಯಾರಿಸಿದ ತಳಿಗಳು ಗಿಡ್ಡ. ಎಷ್ಟು ಗೊಬ್ಬರ ಹಾಕಿದರೂ ನೆಟ್ಟಗೆ ನಿಲ್ಲುತ್ತವೆ. ನಮ್ಮ ಎಂ.ಎಸ್. ಸ್ವಾಮಿನಾಥನ್ ಮತ್ತಿತರರು ಪ್ರಯೋಗ ಮಾಡಿ, ಇದು ಇಲ್ಲಿ ಬೆಳೆಯುತ್ತದೆ ಎಂದು ತೋರಿಸಿದ್ದರು. 1965ರಲ್ಲಿ ಸೊನೊರಾ 64, ಲೆರ್ಮಾ ರೋಜೊ 64 ಎಂಬ ತಳಿಗಳ 250 ಟನ್ ಬೀಜ ಬಂತು. ಮರುವರ್ಷ 18,000 ಟನ್. ಸುಬ್ರಮಣ್ಯಂ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸು ಅಗೆಸಿ ಗೋಧಿ ಹಾಕಿದರು, ಶಾಸ್ತ್ರಿಯವರ ಮನೆಯಂಗಳಕ್ಕೂ ನೇಗಿಲು ಬಂತು. ಗಿಡ್ಡ ಪ್ರಧಾನಿ, ಗಿಡ್ಡ ಗೋಧಿ. ಎರಡೂ ಬಗ್ಗಲಿಲ್ಲ ಎಂದು ನಾನು ಮನಸ್ಸಿನಲ್ಲೇ ನಗುತ್ತೇನೆ.

ಈಗ ಅಜ್ಜಿಯ ಒಪ್ಪತ್ತಿನ ಲೆಕ್ಕ ಹಾಕೋಣ. 1964-65ರಲ್ಲಿ ದೇಶದ ಆಹಾರ ಬೆಳೆ ಸುಮಾರು 890 ಲಕ್ಷ ಟನ್. ಮುಂದಿನ ವರ್ಷ ಮಳೆ ಕೈಕೊಟ್ಟು ಅದು ಸುಮಾರು 720 ಲಕ್ಷಕ್ಕೆ ಬಿತ್ತು. ಹತ್ತೊಂಬತ್ತು ಪರ್ಸೆಂಟ್ ಖೋತಾ. ದಿನಕ್ಕೆ ಎರಡು ಹೊತ್ತು ಉಣ್ಣುವವನು ವಾರಕ್ಕೊಂದು ಹೊತ್ತು ಬಿಟ್ಟರೆ ಹದಿನಾಲ್ಕರಲ್ಲಿ ಒಂದು ಉಳಿಯುತ್ತದೆ, ಅಂದರೆ ಏಳು ಪರ್ಸೆಂಟ್. ದೇಶದ ಒಬ್ಬರೂ ತಪ್ಪದೆ ಮಾಡಿದರೂ ಅರ್ಧ ತೂತು ಕೂಡ ಮುಚ್ಚುವುದಿಲ್ಲ. ಅದೂ ಅಲ್ಲದೆ ಎರಡು ಹೊತ್ತು ಉಂಡವನು ತಾನೆ ಒಂದು ಹೊತ್ತು ಬಿಡುವುದು? ಸೋಮವಾರ ಮಾತ್ರವಲ್ಲ, ಮಂಗಳವಾರವೂ ಒಲೆ ಹೊತ್ತದ ಮನೆಗಳು ಆಗ ಕಡಿಮೆ ಇರಲಿಲ್ಲ. ಹಾಗಾದರೆ ಒಪ್ಪತ್ತು ಬರೀ ನಾಟಕವೇ?

ನನಗೆ ಹಾಗನ್ನಿಸುವುದಿಲ್ಲ. ಅಮೆರಿಕ ಗೋಧಿ ಬಿಗಿ ಹಿಡಿದಾಗ ಪ್ರಧಾನಿಗೆ ಇದ್ದದ್ದು ಎರಡೇ ದಾರಿ. ಎಲ್ಲ ಸರಿ ಇದೆ ಎಂದು ಜನರಿಗೆ ಹೇಳಿ, ಒಳಗೊಳಗೇ ಅಲ್ಲಿ ಕೈಯೊಡ್ಡುವುದು. ಇಲ್ಲವೇ ಕಾಳಿಲ್ಲ ಎಂದು ಜನರ ಮುಂದೆ ಒಪ್ಪಿಕೊಳ್ಳುವುದು. ಅವರು ಎರಡನೆಯದನ್ನು ಮಾಡಿದರು. ಗೋಧಿ ಬೇಡ ಎಂದೇನೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. 1966ರಲ್ಲಿ ಒಂದು ಕೋಟಿ ಟನ್ನಿಗೂ ಮಿಕ್ಕಿ ಹೊರಗಿನ ಕಾಳು ಬಂತು. ಆದರೆ ಕೊರತೆಯನ್ನು ಗುಟ್ಟು ಮಾಡಲಿಲ್ಲ. ಅಜ್ಜಿಯಂಥವರಿಗೆ ಅದು ತಲುಪಿತು. ದೆಹಲಿಯಲ್ಲಿ ಕೂತ ದೊಡ್ಡ ಮನುಷ್ಯ ತನ್ನ ಮನೆಯ ಅಡುಗೆಯ ಬಗ್ಗೆ, ಅವಳ ಮನೆಯ ಅಡುಗೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ಆ ವರ್ಷ ಅವಳು ಸೋಮವಾರದ ಪಾಲಿನ ಜೋಳವನ್ನು ಒಂದು ಗಡಿಗೆಯಲ್ಲಿ ಬೇರೆ ಇಡುತ್ತಿದ್ದಳಂತೆ. ಕೂಲಿಗೆ ಬರುವವರ ಮಕ್ಕಳಿಗೆ ಅದರಿಂದ ಅಂಬಲಿ. "ಹಿಡಿ ಜ್ವಾಳ ಏನ ಆಗತೈತಿ ಅಂತಿದ್ರು ನಿಮ್ಮ ಅಜ್ಜ. ಗಡಿಗಿ ತುಂಬತಿತ್ತು" ಎಂದು ಬಹಳ ಹೆಮ್ಮೆಯಿಂದ ಹೇಳುತ್ತಿದ್ದಳು.

ಫಲ ನೋಡಲು ಶಾಸ್ತ್ರಿಯವರು ಇರಲಿಲ್ಲ. 1967-68ರಲ್ಲಿ ಗೋಧಿ ಬೆಳೆ 165 ಲಕ್ಷ ಟನ್ ಮುಟ್ಟಿತು, ಮೂರು ವರ್ಷ ಹಿಂದೆ ಇದ್ದದ್ದು ಸುಮಾರು 123 ಲಕ್ಷ. 1968ರಲ್ಲಿ ಗೋಧಿ ಕ್ರಾಂತಿಯ ಅಂಚೆಚೀಟಿ ಬಿಡುಗಡೆ ಮಾಡಿದ್ದು ಇಂದಿರಾ ಗಾಂಧಿ.

ಹಾಲಿನ ಕಥೆಯೂ ಇದೇ ಕಾಲದ್ದು. 1964ರ ಅಕ್ಟೋಬರ್ ಕೊನೆಯ ದಿನಗಳಲ್ಲಿ ಗುಜರಾತಿನ ಆನಂದ್ ಬಳಿ ಪಶು ಆಹಾರದ ಕಾರ್ಖಾನೆ ಉದ್ಘಾಟನೆಗೆ ಶಾಸ್ತ್ರಿಯವರು ಹೋಗಬೇಕಿತ್ತು. ಹಿಂದಿನ ರಾತ್ರಿ ಅತಿಥಿಗೃಹ ಬೇಡ, ಯಾವುದಾದರೂ ಹಳ್ಳಿಯಲ್ಲಿ ಸಣ್ಣ ರೈತನ ಮನೆಯಲ್ಲಿ ಉಳಿಯುತ್ತೇನೆ ಎಂದರು. ಅಜರ್‌ಪುರ ಎಂಬ ಹಳ್ಳಿ ಗೊತ್ತಾಯಿತು. ರಾತ್ರಿ ಊಟ ಮಾಡಿ, ಕೇರಿಯಿಂದ ಕೇರಿಗೆ ಹೋಗಿ, ಬಹಳ ಹೊತ್ತಿನವರೆಗೆ ಜನರ ಜೊತೆ ಕೂತರು. ಬೆಳಿಗ್ಗೆ, ಆನಂದ್‌ನ ಅಮುಲ್ ಸಹಕಾರಿ ಡೇರಿ ನಡೆಸುತ್ತಿದ್ದ ವರ್ಗೀಸ್ ಕುರಿಯನ್ ಅವರಿಗೆ ಒಂದು ಪ್ರಶ್ನೆ ಹಾಕಿದರು. ಇಲ್ಲಿನ ಮಣ್ಣು ವಿಶೇಷವಲ್ಲ, ಮಳೆ ವಿಶೇಷವಲ್ಲ, ಎಮ್ಮೆಗಳೂ ನಮ್ಮ ಉತ್ತರ ಪ್ರದೇಶದ ಎಮ್ಮೆಗಳಿಗಿಂತ ಮೇಲಲ್ಲ. ಮತ್ತೆ ಬೇರೆ ಕಡೆ ಸೋತದ್ದು ಇಲ್ಲಿ ಹೇಗೆ ಗೆದ್ದಿತು? ಡೇರಿಯ ಒಡೆಯರು ರೈತರೇ, ವ್ಯತ್ಯಾಸ ಅಷ್ಟೇ ಎಂದರು ಕುರಿಯನ್. ಹಾಗಾದರೆ ಇದನ್ನೇ ದೇಶಕ್ಕೆಲ್ಲ ಮಾಡಿ ಎಂದರು ಪ್ರಧಾನಿ. ಮಾಡುತ್ತೇನೆ, ಆದರೆ ದೆಹಲಿಯಲ್ಲಿ ಕೂತು ಮಾಡುವುದಿಲ್ಲ ಎಂದು ಕುರಿಯನ್ ಷರತ್ತು ಹಾಕಿದರು. ಒಪ್ಪಿದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆನಂದ್‌ನಲ್ಲೇ ಶುರುವಾಯಿತು. ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುವ ನಂದಿನಿ ಪ್ಯಾಕೆಟ್ಟು ಇದೇ ಆನಂದ್ ಮಾದರಿಯ ಕೂಸು. ಉದ್ಘಾಟನೆಗೆ ಬಂದ ಪ್ರಧಾನಿ ರಿಬ್ಬನ್ ಕತ್ತರಿಸಿ ಹೋಗಿದ್ದರೆ ಏನಾಗುತ್ತಿತ್ತೋ.

ಭಾಷೆಯ ವಿಷಯ ಬೇಗ ಹೇಳುತ್ತೇನೆ. 1965ರ ಜನವರಿ 26ರಿಂದ ಹಿಂದಿಯೇ ಆಡಳಿತ ಭಾಷೆ ಎಂದು ಸಂವಿಧಾನ ಗಡುವು ಹಾಕಿತ್ತು. ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಜನ ಮೈಗೆ ಬೆಂಕಿ ಹಚ್ಚಿಕೊಂಡರು, ಗೋಲಿಬಾರ್ ಆಯಿತು. ಶಾಸ್ತ್ರಿಯವರು ಮೊದಲ ದಿನಗಳಲ್ಲಿ ಎಡವಿದರು ಎಂದೇ ನನ್ನ ಅಭಿಪ್ರಾಯ. ಅವರು ಹಿಂದಿ ಕಡೆಯವರು, ದಕ್ಷಿಣದ ಸಿಟ್ಟಿನ ಆಳ ಅವರಿಗೆ ತಡವಾಗಿ ಅರ್ಥವಾಯಿತು. ಅದೇ ಸುಬ್ರಮಣ್ಯಂ ಮತ್ತು ಒ.ವಿ. ಅಳಗೇಶನ್ ರಾಜೀನಾಮೆ ಕೊಟ್ಟರು. ರಾಷ್ಟ್ರಪತಿ ರಾಧಾಕೃಷ್ಣನ್ ಅದನ್ನು ಒಪ್ಪಬೇಡಿ ಎಂದರು. ಫೆಬ್ರವರಿ 11ರಂದು ಶಾಸ್ತ್ರಿಯವರು ರೇಡಿಯೋದಲ್ಲಿ ಮಾತಾಡಿ, ಹಿಂದಿಯೇತರರು ಬಯಸುವವರೆಗೆ ಇಂಗ್ಲಿಷ್ ಇರುತ್ತದೆ ಎಂಬ ನೆಹರೂ ಮಾತಿಗೆ ತಾನೂ ಬದ್ಧ ಎಂದು ಹೇಳಿದರು. ಪ್ರಧಾನಿಯೊಬ್ಬರು ತಮ್ಮ ಇಷ್ಟಕ್ಕೆ ವಿರುದ್ಧವಾದದ್ದನ್ನು ಊರೆಲ್ಲ ಕೇಳುವ ಹಾಗೆ ಹೇಳಿದ್ದು. ಸತ್ತವರು ಅಷ್ಟರಲ್ಲಿ ಸತ್ತಿದ್ದರು.

ಯುದ್ಧ ಎಲ್ಲರಿಗೂ ಗೊತ್ತು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಂಬ್ ಕಡೆಯಿಂದ ಅಖ್ನೂರಿನತ್ತ ನುಗ್ಗಿದವು. ಅಲ್ಲಿನ ಸೇತುವೆ ಹೋದರೆ ಜಮ್ಮುವಿನ ಪಶ್ಚಿಮದ ನಮ್ಮ ಸೇನೆಗೆ ದಾರಿ ಬಂದ್. ಒತ್ತಡ ಇಳಿಸಲು ಪಂಜಾಬಿನ ಗಡಿ ದಾಟಿ ಲಾಹೋರ್ ಕಡೆ ಹೋಗಲು ಶಾಸ್ತ್ರಿಯವರು ಅನುಮತಿ ಕೊಟ್ಟರು, 6ರಂದು ಸೇನೆ ದಾಟಿತು. ಆರಡಿ ದಾಟಿದ ಪಾಕಿಸ್ತಾನದ ಅಧ್ಯಕ್ಷ, ಫೀಲ್ಡ್ ಮಾರ್ಷಲ್ ಅಯೂಬ್ ಖಾನ್ ಇದನ್ನು ಈ ಧೋತಿಯ ಮನುಷ್ಯನಿಂದ ಖಂಡಿತ ನಿರೀಕ್ಷಿಸಿರಲಿಲ್ಲ. ಅಮೆರಿಕ ಎರಡೂ ದೇಶಗಳಿಗೆ ಆಯುಧ ನಿಲ್ಲಿಸಿತು. ನೆನಪಿಡಿ, ಅದೇ ಹೊತ್ತಿಗೆ ಗೋಧಿಯ ಮೂಗುದಾರವೂ ಅದೇ ಕೈಯಲ್ಲಿತ್ತು. ಗಡಿಯಲ್ಲಿ ಗುಂಡು ಬೇಕು, ಒಳಗೆ ಕಾಳು ಬೇಕು, ಎರಡಕ್ಕೂ ಹೊರಗಿನವರ ಮುಖ ನೋಡಬೇಕು. 'ಜೈ ಜವಾನ್ ಜೈ ಕಿಸಾನ್' ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಲಾರಿಯ ಹಿಂದೆ ಬರೆಯುವ ಘೋಷಣೆಯಾಗಿ ಅದು ನಮಗೆ ಸವೆದುಹೋಗಿದೆ. ಆದರೆ ಅದು ಪ್ರಾಸಕ್ಕೆ ಜೋಡಿಸಿದ್ದಲ್ಲ, 1965ರ ದೇಶದ ಜಮಾಖರ್ಚು.

ಆಗಿನ ಸೋವಿಯತ್ ಒಕ್ಕೂಟದ ತಾಷ್ಕೆಂಟಿನಲ್ಲಿ 1966ರ ಜನವರಿ 10ರಂದು ಪಾಕಿಸ್ತಾನದ ಜೊತೆ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಸೈನಿಕರು ಪ್ರಾಣ ಕೊಟ್ಟು ಗೆದ್ದ ಹಾಜಿ ಪೀರ್ ಕಣಿವೆಯನ್ನು ವಾಪಸ್ ಕೊಡಬೇಕಾಯಿತು. ಇದಕ್ಕೆ ಊರಲ್ಲಿ ಬೈಯುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಬೈಗುಳ ಕೇಳಲು ಅವರು ವಾಪಸ್ ಬರಲಿಲ್ಲ. ಅದೇ ರಾತ್ರಿ ಒಂದೂವರೆ ಹೊತ್ತಿಗೆ ಅಲ್ಲೇ ಪ್ರಾಣ ಹೋಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅಯೂಬ್ ಖಾನ್ ಕೂಡ ಒಬ್ಬರು. ಮರಣೋತ್ತರ ಪರೀಕ್ಷೆ ಮಾಡಿಸಲಿಲ್ಲ, ಅದು ಸರ್ಕಾರದ ದೊಡ್ಡ ತಪ್ಪು. ಮನೆಯವರ ಅನುಮಾನ ಸಹಜ. ಆದರೆ ವಾಟ್ಸ್ಆ್ಯಪ್‌ನಲ್ಲಿ ಪ್ರತಿ ಜನವರಿ ಹರಿದಾಡುವ ಪತ್ತೇದಾರಿ ಕಥೆಗಳಲ್ಲಿ ನನಗೆ ಆಸಕ್ತಿ ಇಲ್ಲ. ಎದೆನೋವು ಮೊದಲೇ ಇತ್ತು. ಅವರ ಸಾವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರನ್ನು ಕೃಷಿ ಬೆಲೆ ಆಯೋಗದ ಬಗ್ಗೆ ಕೇಳಿ ನೋಡಿ, ಸುಮ್ಮನಾಗುತ್ತಾರೆ.

ಬಿಟ್ಟುಹೋದದ್ದು ಏನು ಎಂದರೆ, ಒಂದು ಕಾರಿನ ಸಾಲ. ಪ್ರಧಾನಿಯಾದ ಮೇಲೆ ಮನೆಯವರ ಒತ್ತಾಯಕ್ಕೆ 12,000 ರೂಪಾಯಿಯ ಫಿಯೆಟ್ ಕೊಂಡಿದ್ದರು. ಕೈಯಲ್ಲಿ ಇದ್ದದ್ದು 7,000. ಉಳಿದ 5,000ಕ್ಕೆ ಬ್ಯಾಂಕ್ ಸಾಲ. ಅದನ್ನು ಹೆಂಡತಿ ಲಲಿತಾ ಅವರು ಪಿಂಚಣಿಯಲ್ಲಿ ತೀರಿಸಿದರು ಎಂದು ಮಗ ಹೇಳಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಮುಚ್ಚಿಟ್ಟರೆ ನನ್ನ ಮೆಚ್ಚುಗೆಗೆ ಅರ್ಥವಿಲ್ಲ. ಆನಂದ್‌ನ ಹಳ್ಳಿಯಲ್ಲಿ ರಾತ್ರಿ ಕೂತು ಜನರ ಮಾತು ಕೇಳಿದರು ಅಂದೆನಲ್ಲ, ಅದೇ ದಿನಗಳಲ್ಲಿ, 1964ರ ಅಕ್ಟೋಬರ್ 30ರಂದು, ಅವರು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಚಹಾ ತೋಟಗಳಲ್ಲಿ ದುಡಿಯಲು ಬ್ರಿಟಿಷರು ತಮಿಳು ಜಿಲ್ಲೆಗಳಿಂದ ಒಯ್ದ ಜನರ ಮೊಮ್ಮಕ್ಕಳು, ಮರಿಮಕ್ಕಳು ಯಾವ ದೇಶದ ಪ್ರಜೆಗಳೂ ಅಲ್ಲದೆ ಉಳಿದಿದ್ದರು. ಒಟ್ಟು 9.75 ಲಕ್ಷ ಜನ. ಅವರಲ್ಲಿ 5.25 ಲಕ್ಷ ಭಾರತಕ್ಕೆ, 3 ಲಕ್ಷ ಸಿಲೋನಿಗೆ, ಉಳಿದ 1.5 ಲಕ್ಷದ ಮಾತು ಆಮೇಲೆ. ಎಮ್ಮೆ ಹಂಚಿಕೊಂಡ ಹಾಗೆ. ನೀವು ಎಲ್ಲಿರಲು ಬಯಸುತ್ತೀರಿ ಎಂದು ಆ ಜನರ ಪ್ರತಿನಿಧಿಗಳನ್ನು ಯಾರೂ ಕೂರಿಸಿ ಕೇಳಲಿಲ್ಲ. ಹುಟ್ಟಿದ ಊರು ಬಿಟ್ಟು, ಎಂದೂ ನೋಡದ 'ತಾಯ್ನಾಡಿಗೆ' ಹಡಗು ಹತ್ತಿದರು. ಅವರಲ್ಲಿ ಎಷ್ಟೋ ಕುಟುಂಬಗಳು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಯಾದವು. ಪಕ್ಕದ ದೇಶದ ಜೊತೆ ಜಗಳ ಬೇಡ ಎಂಬ ಲೆಕ್ಕ ಶಾಸ್ತ್ರಿಯವರಿಗಿತ್ತು, ನೆಹರೂ ಕಾಲದಿಂದ ಕಗ್ಗಂಟಾಗಿದ್ದನ್ನು ಬಿಡಿಸಬೇಕಿತ್ತು, ಎಲ್ಲ ನಿಜ. ಆದರೂ ಕೇಳುವುದರಲ್ಲೇ ಹೆಸರು ಮಾಡಿದ ಮನುಷ್ಯ ಅಲ್ಲಿ ಕೇಳಲಿಲ್ಲ. ನನಗೆ ಅದನ್ನು ಸಮರ್ಥಿಸಲು ಬಾಯಿ ಬರುವುದಿಲ್ಲ.

ನಮ್ಮ ಮನೆಯ ಮಟ್ಟಿಗೆ ಈ ಮಾತು ಇನ್ನೂ ಹತ್ತಿರದ್ದು. ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು ಮುಗಿದದ್ದು 2005ರಲ್ಲಿ. ಜಲಾಶಯಕ್ಕೆ ಅವರದೇ ಹೆಸರು, ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. ಅದರ ಹಿನ್ನೀರು ಘಟಪ್ರಭಾ ಹಿಡಿದು ಹಿಂದೆ ಬಂದು ಹಳೆ ಬಾಗಲಕೋಟೆಯ ಒಂದು ಭಾಗವನ್ನು ನುಂಗಿತು. ಅಜ್ಜಿಯ ಮನೆ ಆ ಭಾಗದ್ದು. ನಮ್ಮ ಕಡೆ ಇದಕ್ಕೆ ಒಂದೇ ಮಾತು, ಮುಳುಗಡೆ. ವಯಸ್ಸು ಕೇಳಿದರೂ "ಮುಳಗಡಿ ಮೊದಲ, ಮುಳಗಡಿ ಆದಮ್ಯಾಲ" ಎಂದೇ ಲೆಕ್ಕ.

ನವನಗರಕ್ಕೆ ಸಾಮಾನು ಸಾಗಿಸುವ ದಿನ ಅಜ್ಜಿ ಗೋಡೆಯಿಂದ ಎರಡು ಫೋಟೋ ತಾನೇ ಇಳಿಸಿದಳು. ನಮ್ಮ ಕಾಕಾ ತಮಾಷೆಗೆ, ಅಣೆಕಟ್ಟಿಗೆ ಕಲ್ಲು ಇಟ್ಟವರೇ ಅವರು, ಅವರನ್ನೂ ಮುಳುಗಲಿ ಅಂತ ಇಲ್ಲೇ ಬಿಟ್ಟು ಹೋಗೋಣ್ವಾ ಎಂದ. ಅಜ್ಜಿ ಸೆರಗಿನಿಂದ ಗಾಜು ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇಲ್ಲಿ ಇರೂರ್ನ ಕೇಳಬೇಕಿತ್ತ ಅವರು. ಕೇಳಲಿಲ್ಲ, ಖರೆ ಐತಿ" ಎಂದಳು. ಆಮೇಲೆ, "ಊಟ ಬಿಡ್ರಿ ಅಂತ ಮಾತ್ರ ಕೇಳಿದ್ರು. ತಾವು ಬಿಟ್ಟ ಕೇಳಿದ್ರು."

ಫೋಟೋವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಟ್ರ್ಯಾಕ್ಟರಿನಲ್ಲಿ ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೂತಳು. ಹೊಸ ಮನೆಯ ಗೋಡೆಗೆ ಹೊಡೆದ ಎರಡನೇ ಮೊಳೆ ಅದಕ್ಕೇ ಹೋಯಿತು. ಆ ವಾರದ ಸೋಮವಾರ ಸಂಜೆ ನಮಗೆಲ್ಲ ರೊಟ್ಟಿ ಬಡಿದು ಹಾಕಿ, ತಾನು ಒಂದು ತಂಬಿಗೆ ನೀರು ಕುಡಿದು ಕಟ್ಟೆಯ ಮೇಲೆ ಹೋಗಿ ಕೂತಳು.